ಸನ್ನತಿ: ದೇವಿಯ ಪೀಠದ ಕೆಳಗಿನ ಕಲ್ಲು



ಬೋರಗಾಂವ, ಸದಲಗಾ, ಭೋಜ, ಕಾರದಗಾ ಎಂದು ಸಾಲುಗಟ್ಟಿ ನಿಂತ ನಮ್ಮ ದೂಧಗಂಗೆಯ ಸೀಮೆಯಲ್ಲಿ ಹಳೆಯದನ್ನು ಹುಡುಕಿಕೊಂಡು ಹೊರಟವನಿಗೆ ಕೊರತೆಯೇನಿಲ್ಲ. ಬಸದಿ ಇವೆ, ಮಠ ಇವೆ, ಮಾರುತಿ ಗುಡಿ ಇಲ್ಲದ ಊರಿಲ್ಲ, ಉರುಸು ನಡೆಯುವ ದರ್ಗಾಗಳಿವೆ. ಬುದ್ಧನೂ ಇದ್ದಾನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿ ಹೋದರೂ ಒಂದಲ್ಲ ಒಂದು ಓಣಿಯಲ್ಲಿ ನೀಲಿ ಬಣ್ಣದ ಕಮಾನು, ಒಳಗೆ ಬುದ್ಧನ ಮೂರ್ತಿ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ. ಈ ವಿಹಾರಗಳ ವಯಸ್ಸು ನಮ್ಮ ಅಜ್ಜಂದಿರ ವಯಸ್ಸಿಗಿಂತ ಕಡಿಮೆ. 1920ರಲ್ಲಿ ನಮ್ಮ ನೆರೆಯ ಮಾಣಗಾಂವದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅಂಬೇಡ್ಕರರನ್ನು ಜನರ ಮುಂದೆ ನಿಲ್ಲಿಸಿ ಇವರೇ ನಿಮ್ಮ ಮುಂದಾಳು ಎಂದರು. 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಅಂಬೇಡ್ಕರರೇ ಬಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರ ಬೌದ್ಧ ದೀಕ್ಷೆ ನಡೆಯಿತು. ಅಲ್ಲಿಂದ ಮುಂದೆ ಈ ಸೀಮೆಯ ಬುದ್ಧನ ಕಥೆ ಎಲ್ಲರಿಗೂ ಗೊತ್ತು.

ಅದರ ಹಿಂದಿನದು? ಇಂಥ ಒಂದು ವಿಹಾರದ ಕಟ್ಟೆಯ ಮೇಲೆ ಕೂತಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಮಾಸ್ತರ್ರ, ನಮ್ಮ ಬುದ್ಧ ನಾಗಪುರದ ಕಡಿಂದ ಬಂದಾನ. ಜೈನರಿಗೆ ಹಳೇ ಬಸದಿ ಅದಾವು. ನಮಗ ಇಲ್ಲಿ ಹಳೇ ಗುಡಿ ಅಂತ ಒಂದೂ ಇಲ್ಲೇನ್ರಿ?"

ಇದೆ ಎಂದು ಹೇಳುವುದಕ್ಕೇ ಇವತ್ತಿನ ಈ ಮಾತು. ಆದರೆ ನೀವು ಗೋಪುರ, ಗರ್ಭಗುಡಿ, ಮೆಟ್ಟಿಲು ಎಂದು ಕಣ್ಣಿಟ್ಟು ಹುಡುಕಿದರೆ ಅದು ಸಿಗುವುದಿಲ್ಲ. ಕನ್ನಡ ನಾಡಿನ ಬೌದ್ಧ ಅವಶೇಷಗಳು ಬಹುಮಟ್ಟಿಗೆ ಇನ್ನೊಂದರ ಅಡಿಯಲ್ಲಿ ಇರುತ್ತವೆ. ದಿಬ್ಬದ ಅಡಿಯಲ್ಲಿ, ಹೊಲದ ಅಡಿಯಲ್ಲಿ, ಮನೆಯ ತಳಪಾಯದಲ್ಲಿ. ನಾಡಿನ ಅತಿ ದೊಡ್ಡ ಶೋಧವೊಂದು ಒಬ್ಬ ದೇವಿಯ ಪಾದದ ಅಡಿಯಲ್ಲೇ ಆಯಿತು.

ಮೊದಲು ಹತ್ತಿರದ್ದು. ಬೋರಗಾಂವದವರಿಗೆ ಕೊಲ್ಹಾಪುರ ಎಂದರೆ ಆಸ್ಪತ್ರೆ, ಅಂಬಾಬಾಯಿ, ಮದುವೆಯ ಬಟ್ಟೆ, ಬೆಲ್ಲದ ಪೇಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಪಟ್ಟಣದೊಳಗೇ ನೆಲ ಅಗೆಯುವಾಗ ಒಂದು ದೊಡ್ಡ ಸ್ತೂಪದ ಅವಶೇಷ ಸಿಕ್ಕಿತು. ಅದರ ಒಡಲಲ್ಲಿ ಕಲ್ಲಿನ ಪೆಟ್ಟಿಗೆ, ಅದರೊಳಗೆ ಧಾತು ಇಡುವ ಕರಂಡ. ಪೆಟ್ಟಿಗೆಯ ಮುಚ್ಚಳದ ಮೇಲೆ ಬ್ರಾಹ್ಮಿ ಅಕ್ಷರದ ಒಂದು ಸಣ್ಣ ಬರಹ. ಬಮ್ಹ ಎಂಬುವನು ಕೊಟ್ಟ ದಾನ ಇದು, ಧಮಗುತ ಎಂಬುವನು ಮಾಡಿಸಿದ್ದು. ಇಷ್ಟೇ. ಅರಸನ ಹೆಸರಿಲ್ಲ, ಬಿರುದಿಲ್ಲ. ಒಬ್ಬ ದುಡ್ಡು ಕೊಟ್ಟ, ಇನ್ನೊಬ್ಬ ನಿಂತು ಕೆಲಸ ಮಾಡಿಸಿದ. ನಮ್ಮ ಜಾತ್ರೆಯ ಚಂದಾ ಹಲಗೆಯ ಮೇಲೆ ಇರುವಷ್ಟೇ ವಿವರ.

ಅದೇ ಕೊಲ್ಹಾಪುರದಲ್ಲಿ ಪಂಚಗಂಗೆಯ ದಂಡೆಗೆ ಬ್ರಹ್ಮಪುರಿ ಎಂಬ ದಿಬ್ಬ ಇದೆ. 1944-45ರ ಹೊತ್ತಿಗೆ ಅಲ್ಲಿ ಮೊದಲು ಕೈಹಾಕಿದವರು ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕೆ.ಜಿ. ಕುಂದಣಗಾರರು. ಕೊಲ್ಹಾಪುರ ಸಂಸ್ಥಾನದ ಕನ್ನಡ ಶಾಸನಗಳನ್ನು ಹಳ್ಳಿ ಹಳ್ಳಿ ತಿರುಗಿ ಓದಿ ಪ್ರಕಟಿಸಿದವರೂ ಇವರೇ. 1961ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕುಂದಣಗಾರರ ಹಿಂದೆಯೇ, 1945-46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಹ.ಧೀ. ಸಾಂಕಳಿಯಾ ಮತ್ತು ಮೊ.ಗ. ದೀಕ್ಷಿತರು ಬಂದು ಆ ದಿಬ್ಬವನ್ನು ಪದ್ಧತಿಯಂತೆ ಅಗೆದರು. ಶಾತವಾಹನರ ಕಾಲದ ಇಟ್ಟಿಗೆಯ ಮನೆಗಳು ಹೊರಬಿದ್ದವು. ಜೊತೆಗೆ ರೋಮಿನ ಕಡೆಯಿಂದ ಬಂದ ಕಂಚಿನ ಸಾಮಾನು, ಅದರಲ್ಲಿ ಗೇಣುದ್ದವೂ ಇಲ್ಲದ ಒಂದು ಪೊಸೈಡನ್ ಮೂರ್ತಿ. ಅವರ ಕಡಲ ದೇವರು ನಮ್ಮ ಪಂಚಗಂಗೆಯ ದಂಡೆಯ ಮನೆಯೊಂದರಲ್ಲಿ ಇದ್ದ. ಈಗ ಅವನನ್ನು ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಿಪೋರ್ಟ್ ಬರುವತನಕ ಕಾಯುವ ಎರಡು ತಾಸನ್ನು ಅಲ್ಲಿ ಕಳೆಯಿರಿ.

ಬೆಳಗಾವಿಯ ಮಗ್ಗುಲಲ್ಲೇ ಇರುವ ವಡಗಾಂವ-ಮಾಧವಪುರದಲ್ಲೂ 1970ರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರು ಇಂಥದೇ ಒಂದು ಶಾತವಾಹನ ಪಟ್ಟಣವನ್ನು ಅಗೆದು ತೋರಿಸಿದ್ದಾರೆ. ಕರಾಡದ ಬಳಿ ಆಗಾಶಿವ ಗುಡ್ಡದಲ್ಲಿ ಅರವತ್ತಕ್ಕೂ ಹೆಚ್ಚು ಬೌದ್ಧ ಗವಿಗಳಿವೆ. ದೂರದ ಮಧ್ಯಪ್ರದೇಶದ ಭರ್ಹುತ ಸ್ತೂಪಕ್ಕೆ ದಾನ ಕೊಟ್ಟವರ ಪಟ್ಟಿಯಲ್ಲಿ ಕರಾಡದವರೂ ಇದ್ದಾರೆ. ಕಾರ್ಲೆಯ ಗವಿಯಲ್ಲಿ, ಜಂಬೂದ್ವೀಪದಲ್ಲೇ ಉತ್ತಮವಾದದ್ದು ಎಂದು ತನ್ನನ್ನು ತಾನೇ ಹೊಗಳಿಕೊಂಡ ಆ ಚೈತ್ಯಾಲಯದಲ್ಲಿ, ಅದನ್ನು ಪೂರೈಸಿಕೊಟ್ಟವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಬರೆದಿದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಘಟ್ಟದ ಕೆಳಗಿನ ಬಂದರುಗಳಿಂದ ಮೇಲೆ ಹತ್ತಿ, ಕೊಲ್ಹಾಪುರ, ಕರಾಡ, ಬೆಳಗಾವಿಗಳನ್ನು ಹಾಯ್ದು ಕೃಷ್ಣೆಯ ಗುಂಟ ಮೂಡಲಿಗೆ ಇಳಿಯುವ ಎತ್ತಿನ ಬಂಡಿಗಳ ದಾರಿಯೇ ಬೌದ್ಧರ ದಾರಿಯೂ ಆಗಿತ್ತು. ದೂಧಗಂಗೆ ಆ ದಾರಿಯ ಮಗ್ಗುಲಲ್ಲೇ ಹರಿಯುತ್ತದೆ.

ಆ ಹಿರಿಯರ ಪ್ರಶ್ನೆಗೆ ಪೂರ್ತಿ ಉತ್ತರ ಬೇಕೆಂದರೆ ನೀರು ಹರಿದ ಕಡೆಗೇ ಹೋಗಬೇಕು. ನಮ್ಮ ದೂಧಗಂಗೆ ಕೃಷ್ಣೆಗೆ ಸೇರುತ್ತಾಳೆ. ಮುಂದೆ ರಾಯಚೂರಿನ ಸೀಮೆಯಲ್ಲಿ ಭೀಮೆಯೂ ಬಂದು ಕೂಡುತ್ತಾಳೆ. ಆ ಭೀಮೆಯ ದಂಡೆಯ ಮೇಲೆ, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿ ಎಂಬ ಸಣ್ಣ ಊರು. ಚಂದ್ರಲಾ ಪರಮೇಶ್ವರಿಯ ಊರೆಂದೇ ಅದರ ಹೆಸರುವಾಸಿ. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಚಂದ್ರಲಾಂಬೆ ಕುಲದೇವತೆ. ಮದುವೆಯಾದ ಮೇಲೆ ಹೊಸ ದಂಪತಿಗಳನ್ನು ಕರೆದುಕೊಂಡು ಹೋಗಿ ಉಡಿ ತುಂಬಿ ಬರುತ್ತಾರೆ. ಹಾಗೆ ಹೋಗಿ ಬಂದವರಲ್ಲಿ ಬಹಳ ಮಂದಿ ಗುಡಿಯ ಸುತ್ತಲ ಹೊಲಗಳನ್ನು ತಿರುಗಿ ನೋಡಿರಲಿಕ್ಕಿಲ್ಲ.

ನೋಡಿದವರು ಕಪಟರಾಳ ಕೃಷ್ಣರಾಯರು. ಸುಮಾರು 1954ರಲ್ಲಿ ಅವರು ಸನ್ನತಿಯ ದಿಬ್ಬಗಳನ್ನೂ ಬಿದ್ದ ಕಲ್ಲುಗಳನ್ನೂ ಕಂಡು ಇದು ಬೌದ್ಧ ನೆಲೆ ಎಂದು ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ವಿದ್ವಾಂಸರು ಬಂದರು. ಎಂ. ಶೇಷಾದ್ರಿ ಬರೆದರು, ಎಂ.ಎಸ್. ನಾಗರಾಜರಾಯರು ಅಲ್ಲಿನ ಬ್ರಾಹ್ಮಿ ಬರಹಗಳನ್ನು ಓದಿದರು. ಊರ ಸುತ್ತ ರಣಮಂಡಲ ಎಂದು ಜನ ಕರೆಯುವ ಕೋಟೆಯ ಜಾಗ ಇದೆ. ಗಂಡ ಹೆಂಡತಿ ಜೋಡಿಯಾಗಿ ಕೂತ, ಕೆಳಗೆ ಎತ್ತಿನ ಬಂಡಿಯನ್ನೋ ಕುದುರೆಯನ್ನೋ ಬಿಡಿಸಿದ ಸ್ಮಾರಕ ಕಲ್ಲುಗಳು ರಾಶಿ ರಾಶಿ ಸಿಕ್ಕಿವೆ. ನಮ್ಮ ವೀರಗಲ್ಲುಗಳಿಗಿಂತ ಏಳೆಂಟು ನೂರು ವರ್ಷ ಹಿಂದಿನವು ಅವು. ಸತ್ತವರನ್ನು ಕಲ್ಲಿನಲ್ಲಿ ನಿಲ್ಲಿಸಿಕೊಳ್ಳುವ ರೂಢಿ ಈ ನಾಡಿಗೆ ಹೊಸತಲ್ಲ ಎಂದು ತಿಳಿಯಲು ಆ ಕಲ್ಲುಗಳು ಸಾಕು.

ಇನ್ನು 1986ನೆಯ ವರ್ಷ. ಚಂದ್ರಲಾಂಬಾ ಗುಡಿಯ ಆವರಣದಲ್ಲೇ ಕಾಳಿಯ ಗುಡಿಯೊಂದಿದೆ. ಅದರ ಮಾಳಿಗೆ ಕುಸಿದು ಮೂರ್ತಿಗೆ ಪೆಟ್ಟಾಯಿತು. ಮೂರ್ತಿಯನ್ನು ತೆಗೆದು ಸರಿಪಡಿಸಲು ಹೋದಾಗ ಅದು ನಿಂತಿದ್ದ ಪೀಠದ ಕಲ್ಲಿನ ಮೇಲೆ ಅಕ್ಷರ ಕಂಡವು. ಕಲ್ಲನ್ನು ಹೊರತೆಗೆದು ನೋಡಿದರೆ ಎರಡೂ ಮೈಮೇಲೆ ಬರಹ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಮೌರ್ಯ ಅಶೋಕನ ಆಜ್ಞೆಗಳು. ಒಂದು ಮೈಯಲ್ಲಿ ಅವನ ಬಂಡೆ ಶಾಸನಗಳ ಸಾಲಿನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು. ಇನ್ನೊಂದು ಮೈಯಲ್ಲಿ ಅಲ್ಲಿಯತನಕ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದ, ಕಳಿಂಗದ ಪ್ರತ್ಯೇಕ ಶಾಸನಗಳು ಎನ್ನಿಸಿಕೊಂಡ ಎರಡು ಬರಹಗಳು.

ಆ ಕಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಪ್ಪಟೆಯಾದ ದೊಡ್ಡ ಹಾಸುಗಲ್ಲು. ಅಕ್ಷರಗಳು ಸಾಲು ಸಾಲಾಗಿ ಬಂದಿವೆ. ನಡುವೆ ಚೌಕನೆಯ ಒಂದು ತೂತು, ಸಾಲುಗಳನ್ನು ಕಡಿದುಕೊಂಡೇ ಕೊರೆದದ್ದು. ಮೂರ್ತಿಯ ಬುಡದ ಗೂಟ ಕೂರಲಿಕ್ಕೆ ಕಲ್ಲುಕುಟಿಗ ಕೊರೆದ ತೂತು ಅದು. ತೂತಿನೊಳಗೆ ಹೋದ ಅಕ್ಷರಗಳು ಹೋದವು. ಬೇರೆಡೆಯ ಪ್ರತಿಗಳ ಪಾಠವನ್ನು ಪಕ್ಕಕ್ಕೆ ಇಟ್ಟುಕೊಂಡು ವಿದ್ವಾಂಸರು ಆ ಜಾಗಗಳನ್ನು ತುಂಬಿದ್ದಾರೆ.

ಹನ್ನೆರಡನೆಯ ಶಾಸನದ ತಿರುಳು ನಿಮಗೆ ಗೊತ್ತಿರಬಹುದು. ತನ್ನ ಮತವನ್ನೇ ಹೊಗಳಿಕೊಂಡು ಪರರ ಮತವನ್ನು ಹಳಿಯಬೇಡಿ, ಹಾಗೆ ಮಾಡುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿ ಎನ್ನುವುದು ಅದರ ಸಾರ. ಈ ಮಾತು ಕೆತ್ತಿದ ಕಲ್ಲು ಶತಮಾನಗಳ ಕಾಲ ಕಾಳಿಯನ್ನು ಹೊತ್ತು ನಿಂತಿತ್ತು ಎಂದು ಹೇಳಿ ಕಣ್ಣೊರೆಸಿಕೊಳ್ಳುವವರನ್ನು ನಾನು ಕಂಡಿದ್ದೇನೆ. ಬೌದ್ಧರ ಕಲ್ಲನ್ನು ಕಿತ್ತು ತುಳಿದರು ನೋಡಿ ಎಂದು ಸಿಟ್ಟಾಗುವವರನ್ನೂ ಕಂಡಿದ್ದೇನೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಆ ಕಲ್ಲುಕುಟಿಗನ ಕಾಲಕ್ಕೆ ಬ್ರಾಹ್ಮಿಯನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ದೇವಿಯ ಭಾರ ತಾಳುವ, ಸಮತಟ್ಟಾದ, ಗಟ್ಟಿ ಕಲ್ಲು. ಹೊಲದಲ್ಲಿ ಒಂದು ಸಿಕ್ಕಿತು, ತಂದ, ಕೊರೆದ, ಕೂರಿಸಿದ. ದ್ವೇಷವೂ ಇಲ್ಲ, ಸೌಹಾರ್ದವೂ ಇಲ್ಲ. ಪರಿಣಾಮ ಮಾತ್ರ ನಮ್ಮ ಪುಣ್ಯ. ಹೊರಗೆ ಬಿದ್ದಿದ್ದರೆ ಆ ಕಲ್ಲು ಯಾರದೋ ದನದ ಕೊಟ್ಟಿಗೆಗೆ ಸೇರುತ್ತಿತ್ತು, ಇಲ್ಲ ಸುಣ್ಣದ ಭಟ್ಟಿಗೆ ಹೋಗುತ್ತಿತ್ತು. ದೇವಿಯ ಪೀಠವಾದ್ದರಿಂದ ಅದನ್ನು ಯಾರೂ ಅಲುಗಿಸಲಿಲ್ಲ.

ಎರಡನೆಯ ಮೈಯ ಬರಹ ಇನ್ನೂ ಸ್ವಾರಸ್ಯದ್ದು. ಅದು ಅಧಿಕಾರಿಗಳಿಗೆ ಕೊಟ್ಟ ತಾಕೀತು. ಜನರೆಲ್ಲ ನನ್ನ ಮಕ್ಕಳು, ನನ್ನ ಮಕ್ಕಳಿಗೆ ಬಯಸುವ ಸುಖವನ್ನೇ ಅವರಿಗೂ ಬಯಸುತ್ತೇನೆ. ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಪೀಡಿಸಬೇಡಿ. ಸಿಟ್ಟು, ಸೋಮಾರಿತನ, ಆತುರ ಬಿಡಿ. ಐದು ವರ್ಷಕ್ಕೊಮ್ಮೆ ನಿಮ್ಮ ಕೆಲಸದ ತಪಾಸಣೆಗೆ ಮೇಲಿನ ಅಧಿಕಾರಿಯನ್ನು ಕಳಿಸುತ್ತೇನೆ. ಇದಿಷ್ಟಾದ ಮೇಲೆ ಇನ್ನೊಂದು ಮಾತು ಇದೆ. ಈ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನಗಳಂದು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು. ಸ್ಟುಡಿಯೋದ ಬಾಗಿಲು ಹಾಕಿಕೊಂಡು ಎದುರಿಗೆ ಒಬ್ಬರೂ ಇಲ್ಲದೆ ಮಾತಾಡುವ ನನ್ನಂಥವನಿಗೆ ಈ ಸಾಲು ಬಹಳ ಧೈರ್ಯ ಕೊಡುತ್ತದೆ.

ಕಳಿಂಗಕ್ಕೆ ಬರೆದದ್ದು ಭೀಮೆಯ ದಂಡೆಗೆ ಹೇಗೆ ಬಂತು? ಧೌಲಿ, ಜೌಗಡಗಳಲ್ಲಿ ಕಳಿಂಗ ಯುದ್ಧದ ಕಥೆ ಹೇಳುವ ಹದಿಮೂರನೆಯ ಶಾಸನವನ್ನು ಬೇಕೆಂದೇ ಬಿಟ್ಟು, ಅದರ ಬದಲು ಈ ಎರಡನ್ನು ಹಾಕಿದ್ದಾರೆ. ಸೋತವರ ಮುಂದೆ ಸೋಲಿನ ಕಥೆ ಹೇಳುವುದು ಬೇಡ ಎಂದು ಇರಬೇಕು. ಸನ್ನತಿಯಲ್ಲೂ ಹನ್ನೆರಡರ ಬೆನ್ನಿಗೆ ಹದಿನಾಲ್ಕು ಬರುತ್ತದೆ. ಈ ಸೀಮೆಯೂ ಮೌರ್ಯರು ಗೆದ್ದುಕೊಂಡ ಹೊಸ ನೆಲವಾಗಿತ್ತು ಎಂದು ಕೆಲವರು ಇದರಿಂದ ಊಹಿಸುತ್ತಾರೆ. ಕಳಿಂಗದ ಪ್ರತಿಯ ನಕಲೇ ಇಲ್ಲಿಗೂ ಬಂತು ಎನ್ನುವವರೂ ಇದ್ದಾರೆ. ಸರಕಾರಿ ಸುತ್ತೋಲೆಗಳ ಗತಿಯನ್ನು ಕಂಡವನಾದ್ದರಿಂದ ನನ್ನ ಒಲವು ಎರಡನೆಯವರ ಕಡೆಗೆ.

ಕಲ್ಲು ಸಿಕ್ಕ ಆ ವರ್ಷದಿಂದಲೇ, 1986ರಿಂದ 1989ರವರೆಗೆ, ಸನ್ನತಿಯಲ್ಲಿ ಉತ್ಖನನ ನಡೆಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಜೊತೆ ಬ್ರಿಟನ್ನಿನ ವಿದ್ವಾಂಸರೂ ಕೈಜೋಡಿಸಿದ್ದರು. ನಿಜವಾದ ನಿಧಿ ಮಾತ್ರ ಮೂರು ಕಿಲೋಮೀಟರು ಆಚೆಗೆ ಕಾದಿತ್ತು. ಕನಗನಹಳ್ಳಿ ಎಂಬ ಹಳ್ಳಿಯ ಹೊರಗಿನ ಹೊಲದಲ್ಲಿ ಒಂದು ದಿಬ್ಬ. 1994ರಿಂದ ಕೆಲವು ವರ್ಷ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಇಲಾಖೆಯವರು ಅದನ್ನು ಬಿಡಿಸಿದರು. ಒಳಗೆ ಒಂದು ಮಹಾಸ್ತೂಪ ಮೈಚಾಚಿ ಮಲಗಿತ್ತು. ಅಲ್ಲಿನ ಬರಹಗಳು ಅದನ್ನು ಮಹಾಚೈತ್ಯ ಎಂದೇ ಕರೆಯುತ್ತವೆ.

ಸ್ತೂಪ ಎಂದರೆ ಒಳಗೆ ಹೋಗಿ ಕೈಮುಗಿಯುವ ಗುಡಿ ಅಲ್ಲ, ಇದನ್ನು ಮೊದಲು ತಿಳಿದಿರಬೇಕು. ದುಂಡನೆಯ ಜಗತಿ, ಅದರ ಮೇಲೆ ಗುಮ್ಮಟದಂಥ ಗಟ್ಟಿ ಅಂಡ, ತುದಿಯಲ್ಲಿ ಕೊಡೆ, ನಾಲ್ಕು ದಿಕ್ಕಿಗೆ ಹೊರಚಾಚಿದ ಆಯಕ ಎಂಬ ಕಟ್ಟೆಗಳು, ಸುತ್ತ ಪ್ರದಕ್ಷಿಣೆಯ ದಾರಿ, ಅದರಾಚೆ ಕಲ್ಲಿನ ಕಟಕಟೆ. ಭಕ್ತರು ಸುತ್ತು ಬರುತ್ತಾರೆ, ಬರುತ್ತ ಬರುತ್ತ ಮೈಮೇಲಿನ ಚಿತ್ರಗಳನ್ನು ನೋಡುತ್ತಾರೆ. ಕನಗನಹಳ್ಳಿಯಲ್ಲಿ ಜಗತಿಗೂ ಅಂಡಕ್ಕೂ ಕೆತ್ತಿದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಹೊದಿಸಿದ್ದರು. ಅಂಡದ ಚಪ್ಪಡಿಗಳು ಆಳೆತ್ತರವನ್ನೂ ಮೀರುತ್ತವೆ.

ಈ ಕಲ್ಲು ನಮಗೆ ಗುರುತಿನದೇ. ನಮ್ಮ ಮನೆಯ ಅಡುಗೆಕೋಣೆಗೆ, ಪಡಸಾಲೆಗೆ ಹಾಸುವ ಶಹಾಬಾದಿ ಫರಸಿ ಬರುವುದು ಅದೇ ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳಿಂದ. ಬೋರಗಾಂವದ ಕಡೆಯ ಕರಿಕಲ್ಲು ಉಳಿಗೆ ಬಗ್ಗುವುದು ಕಷ್ಟ, ಸಣ್ಣ ಕುಸುರಿ ಎತ್ತಲು ವರ್ಷಗಟ್ಟಲೆ ಬಡಿಯಬೇಕು. ಭೀಮೆಯ ಕಲ್ಲು ಪದರು ಪದರಾಗಿ ಎದ್ದು ಬರುತ್ತದೆ, ತಾನಾಗಿ ಹಲಗೆಯಾಗುತ್ತದೆ, ಉಳಿಗೆ ನಯವಾಗಿ ಒಲಿಯುತ್ತದೆ. ಕೃಷ್ಣೆಯ ಕೆಳಹರಿವಿನ ಅಮರಾವತಿ, ನಾಗಾರ್ಜುನಕೊಂಡಗಳಲ್ಲೂ ಇಂಥದೇ ಸುಣ್ಣಕಲ್ಲು. ಕಲ್ಲು ಅಂಥದಿದ್ದುದರಿಂದಲೇ ಅಲ್ಲಿನ ಶಿಲ್ಪಿಗಳಿಗೆ ಮುತ್ತಿನ ಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸುವ ಚಪಲ ಹುಟ್ಟಿತು.

ಆ ಚಪ್ಪಡಿಗಳಲ್ಲಿ ಬುದ್ಧನ ಜೀವನ ಇದೆ, ಜಾತಕ ಕಥೆಗಳಿವೆ. ಬಹಳ ಕಡೆ ಬುದ್ಧನನ್ನು ಬುದ್ಧನಾಗಿ ತೋರಿಸಿಲ್ಲ. ಬೋಧಿಮರದ ಕೆಳಗೆ ಖಾಲಿ ಪೀಠ, ಎರಡು ಪಾದದ ಗುರುತು, ಕಂಬದ ಮೇಲೆ ಚಕ್ರ, ಇವೇ ಬುದ್ಧ. ನಿಂತ ಬುದ್ಧನ ಮೂರ್ತಿಗಳೂ ಅಲ್ಲಿ ಸಿಕ್ಕಿವೆ, ಅವು ಆಮೇಲಿನ ಕಾಲದವು. ಹೀಗೆ ಒಂದೇ ಅಂಗಳದಲ್ಲಿ ಆಕಾರವಿಲ್ಲದ ಬುದ್ಧನೂ ಆಕಾರ ತಳೆದ ಬುದ್ಧನೂ ಇದ್ದಾರೆ.

ಪತ್ರಿಕೆಗಳಲ್ಲಿ ಹೆಚ್ಚು ಸುದ್ದಿಯಾದ ಚಪ್ಪಡಿಯಲ್ಲಿ ಒಬ್ಬ ಅರಸ ನಿಂತಿದ್ದಾನೆ. ತಲೆಗೆ ದಪ್ಪ ಮುಂಡಾಸು, ಕಿವಿಯಲ್ಲಿ ಭಾರದ ಓಲೆ, ಕೊರಳಲ್ಲಿ ಹಾರ. ಪಕ್ಕದಲ್ಲಿ ರಾಣಿ. ಹಿಂದೆ ಚಾಮರ ಹಿಡಿದವಳು, ಕೊಡೆ ಹಿಡಿದವಳು. ಅದೇ ಚಪ್ಪಡಿಯ ಮೇಲೆ ಬ್ರಾಹ್ಮಿಯಲ್ಲಿ ರಾಯ ಅಸೋಕೋ ಎಂದು ಬರೆದಿದೆ. ರಾಜ ಅಶೋಕ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಒಂದು ಶಾಸನ ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯ ಎಂದಷ್ಟೇ ಬರೆಸಿಕೊಂಡಿದ್ದ ಅರಸನ ಸ್ವಂತ ಹೆಸರು ಶಾಸನದಲ್ಲಿ ಮೊದಲು ಕಂಡದ್ದು ಅಲ್ಲಿ. ಅವನ ಹೆಸರು ಮಸ್ಕಿಯಲ್ಲಿ ಸಿಕ್ಕಿತು, ಮುಖ ಕನಗನಹಳ್ಳಿಯಲ್ಲಿ ಸಿಕ್ಕಿತು. ಎರಡೂ ನಮ್ಮ ನಾಡಿನಲ್ಲೇ.

ಇಲ್ಲಿ ಒಂದು ಎಚ್ಚರ ಬೇಕು. ಇದು ಅಶೋಕನನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಚಿತ್ರವಲ್ಲ. ಅಶೋಕ ತೀರಿಕೊಂಡದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ. ಚಪ್ಪಡಿಯನ್ನು ಕೆತ್ತಿದ್ದು ಶಾತವಾಹನರ ಕಾಲದಲ್ಲಿ, ಅವನಾಗಿ ಕೆಲವು ತಲೆಮಾರುಗಳ ಮೇಲೆ. ಶಿಲ್ಪಿ ತನ್ನ ಕಾಲದ ಅರಸನ ಉಡುಪನ್ನೇ ಅಶೋಕನಿಗೆ ತೊಡಿಸಿದ್ದಾನೆ. ಅಶೋಕನ ಏಕೈಕ ಭಾವಚಿತ್ರ ಎಂದು ಬರೆಯುವವರು ಇದನ್ನು ನೆನಪಿಡಬೇಕು. ಅದಕ್ಕಾಗಿ ಅದರ ಬೆಲೆ ಕಡಿಮೆಯಾಗುವುದಿಲ್ಲ. ಇಂಥವನೊಬ್ಬ ಇದ್ದ, ಅವನು ನಮ್ಮವನು ಎಂದು ಭೀಮಾತೀರದ ಜನ ಅಷ್ಟು ವರ್ಷ ನೆನಪಿಟ್ಟುಕೊಂಡಿದ್ದರು, ಹೆಸರು ಹಾಕಿ ನಿಲ್ಲಿಸಿದರು. ಉತ್ತರದ ಪುರಾಣಕಾರರು ಅವನನ್ನು ಅರಸರ ಪಟ್ಟಿಯಲ್ಲಿ ಒಂದು ಹೆಸರಾಗಿಸಿ ಮುಂದೆ ಸಾಗಿದಾಗ ಇಲ್ಲಿನವರು ಹಾಗೆ ಮಾಡಲಿಲ್ಲ.

ಅಶೋಕನ ಒಡನೆ ಶಾತವಾಹನ ಅರಸರೂ ಹೆಸರು ಸಮೇತ ನಿಂತಿದ್ದಾರೆ. ವಂಶದ ಮೊದಲಿಗ ಚಿಮುಕ ಇದ್ದಾನೆ. ಒಂದರಲ್ಲಿ ಶಾತಕರ್ಣಿ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ, ಹಾಗೆಂದು ಕೆಳಗೆ ಬರೆದೂ ಇದೆ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಬೇರೊಬ್ಬನಿಗೆ ಕೊಡುತ್ತಿದ್ದಾನೆ. ಒಂದು ಪಟ್ಟಣವನ್ನು ದಾನ ಕೊಡುವುದನ್ನು ಕಲ್ಲಿನಲ್ಲಿ ಹೇಗೆ ತೋರಿಸುವುದು? ಗಿಂಡಿಯಿಂದ ಧಾರೆ ಎರೆದು ಕೊಡುತ್ತಾನೆ, ಈಗಲೂ ನಮ್ಮ ಮದುವೆಯಲ್ಲಿ ಕನ್ಯೆಯನ್ನು ಕೊಡುವಂತೆ. ಇದೇ ವಂಶದ ನಾಗನಿಕೆ ನಾಣೇಘಾಟಿನ ಗವಿಯಲ್ಲಿ ಅಶ್ವಮೇಧ ಮಾಡಿದ್ದನ್ನು ಹೆಮ್ಮೆಯಿಂದ ಬರೆಸಿದ್ದಾಳೆ. ಯಜ್ಞವನ್ನೂ ಮಾಡಿದರು, ಬುದ್ಧನ ಸ್ತೂಪಕ್ಕೆ ಬೆಳ್ಳಿಯ ಹೂವನ್ನೂ ಕೊಟ್ಟರು. ಅವರಿಗೆ ಅದರಲ್ಲಿ ಇಕ್ಕಟ್ಟು ಕಾಣಲಿಲ್ಲ.

ಆದರೆ ಸ್ತೂಪವನ್ನು ಕಟ್ಟಿದವರು ಅರಸರು ಎಂದು ತಿಳಿಯಬೇಡಿ. ಇನ್ನೂರೈವತ್ತಕ್ಕೂ ಮೇಲ್ಪಟ್ಟ ಬ್ರಾಹ್ಮಿ ಬರಹಗಳು ಅಲ್ಲಿ ಸಿಕ್ಕಿವೆ. ಹೆಚ್ಚಿನವು ಒಂದೆರಡು ಸಾಲಿನವು. ಇಂಥ ಗೃಹಸ್ಥನ ದಾನ, ಇಂಥ ವ್ಯಾಪಾರಿಯ ದಾನ, ಇಂಥ ಭಿಕ್ಷುಣಿಯ ದಾನ. ಒಂದು ಚಪ್ಪಡಿ ಒಬ್ಬರದು, ಇನ್ನೊಂದು ಇನ್ನೊಬ್ಬರದು. ಹೆಂಗಸರ ಹೆಸರುಗಳು ಧಾರಾಳವಾಗಿವೆ. ಕೊಲ್ಹಾಪುರದ ಬಮ್ಹನ ಬಳಗದವರೇ ಇವರು.

ಈ ವೈಭವ ಕ್ರಿಸ್ತಶಕ ಮೂರನೆಯ ಶತಮಾನದ ಹೊತ್ತಿಗೆ ಇಳಿಯಿತು. ಶಾತವಾಹನರು ಹೋದರು, ರೋಮಿನ ವ್ಯಾಪಾರ ಸೊರಗಿತು, ದಾನ ಕೊಡುವ ಸೆಟ್ಟಿಗಳ ಕೈ ಬತ್ತಿತು. ಆದರೆ ಬುದ್ಧ ಕನ್ನಡ ನಾಡನ್ನು ಆಗಲೇ ಬಿಟ್ಟುಹೋದನೆಂದು ಶಾಲೆಯಲ್ಲಿ ಕಲಿತದ್ದು ಪೂರ್ತಿ ಸರಿಯಲ್ಲ. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಅಲ್ಲಿ ನೂರರಷ್ಟು ವಿಹಾರ, ಐದು ಸಾವಿರದಷ್ಟು ಭಿಕ್ಷುಗಳಿದ್ದರು ಎಂದು ಬರೆದಿದ್ದಾನೆ. ಐಹೊಳೆಗೆ ಹೋದರೆ ಮೇಗುತಿ ಗುಡ್ಡ ಹತ್ತುವ ದಾರಿಯ ನಡುವೆ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅರ್ಧ ಬಂಡೆ ಕೊರೆದದ್ದು, ಅರ್ಧ ಕಟ್ಟಿದ್ದು. ಮೊಗಸಾಲೆಯ ಸೂರಿನ ಕೆಳಗೆ ನಿಂತು ತಲೆ ಎತ್ತಿದರೆ ಬುದ್ಧ ಕೂತಿದ್ದಾನೆ. ಜನ ದುರ್ಗದ ಗುಡಿ ನೋಡಿ, ಮೇಲೆ ಹತ್ತಿ ರವಿಕೀರ್ತಿಯ 634ರ ಶಾಸನ ನೋಡಿ ಇಳಿದುಬಿಡುತ್ತಾರೆ. ನಡುವಿನವನನ್ನು ಕೇಳುವವರಿಲ್ಲ.

968ರಲ್ಲಿ ಮಂಗಳೂರಿನ ಕದ್ರಿಯ ವಿಹಾರದಲ್ಲಿ ಆಳುಪ ಕುಂದವರ್ಮ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನಿಲ್ಲಿಸಿದ. ಇವತ್ತು ಅದು ಮಂಜುನಾಥನ ಗುಡಿ, ಲೋಕೇಶ್ವರ ಅಲ್ಲೇ ಇದ್ದಾನೆ. 1065ರಲ್ಲಿ ಬಳ್ಳಿಗಾವೆಯಲ್ಲಿ ರೂಪಭಟ್ಟಯ್ಯ ಬೌದ್ಧ ವಿಹಾರ ಕಟ್ಟಿಸಿದ. 1095ರಲ್ಲಿ ಗದಗಿನ ಹತ್ತಿರದ ಡಂಬಳದಲ್ಲಿ ಹದಿನಾರು ಜನ ಸೆಟ್ಟಿಗಳು ತಾರಾದೇವಿಗೂ ಬುದ್ಧನಿಗೂ ಬಿಟ್ಟ ದತ್ತಿಯ ಶಾಸನವಿದೆ. ಬಸವಣ್ಣನವರ ಕಾಲಕ್ಕೆ ಒಂದು ತಲೆಮಾರು ಮುಂಚೆ ಈ ನಾಡಿನ ಪೇಟೆಯಲ್ಲಿ ಬೌದ್ಧ ಸೆಟ್ಟಿಗಳು ವ್ಯಾಪಾರ ಮಾಡಿಕೊಂಡಿದ್ದರು.

ಮತ್ತೆ ಕನಗನಹಳ್ಳಿಗೆ ಬರುತ್ತೇನೆ, ಯಾಕೆಂದರೆ ಅಲ್ಲಿನ ಕಥೆಯಲ್ಲಿ ನಮ್ಮ ಕಾಲದ ಪಾಲೂ ಇದೆ. ಅಮರಾವತಿಯ ಗತಿ ಏನಾಯಿತೆಂದು ನಿಮಗೆ ಗೊತ್ತಿರಲಿ. ಅಲ್ಲಿನ ಜಮೀನುದಾರ ಹೊಸ ಪಟ್ಟಣ ಕಟ್ಟಲು ಸ್ತೂಪವನ್ನೇ ಕಲ್ಲಿನ ಗಣಿ ಮಾಡಿಕೊಂಡ. ಅಳಿದುಳಿದದ್ದರಲ್ಲಿ ನೂರಕ್ಕೂ ಹೆಚ್ಚು ಚಪ್ಪಡಿಗಳು ಹಡಗು ಹತ್ತಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು, ಇನ್ನಷ್ಟು ಮದರಾಸಿಗೆ ಹೋದವು. ನಾಗಾರ್ಜುನಕೊಂಡ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಕನಗನಹಳ್ಳಿಯನ್ನು ತಡವಾಗಿ ಅಗೆದದ್ದೇ ಒಳ್ಳೆಯದಾಯಿತು, ಚಪ್ಪಡಿಗಳು ಹುಟ್ಟಿದ ನೆಲದಲ್ಲೇ ಉಳಿದವು. ಉಳಿದವು ನಿಜ, ಆದರೆ ಉತ್ಖನನ ಮುಗಿದ ಮೇಲೆ ಇಪ್ಪತ್ತು ವರ್ಷಗಳ ಹತ್ತಿರ ಬಯಲಿನಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ ಬಿದ್ದಿದ್ದವು. 2022ರ ಹೊತ್ತಿಗೆ ಸ್ತೂಪವನ್ನು ಜೋಡಿಸಿ ನಿಲ್ಲಿಸುವ ಸಂರಕ್ಷಣೆಯ ಕೆಲಸ ಶುರುವಾಯಿತು. ತಡವಾಯಿತು ಎನ್ನುವುದು ನನ್ನ ಅಭಿಪ್ರಾಯ. ಸುಣ್ಣಕಲ್ಲು ಮಳೆಗೆ ಸವೆಯುವ ಕಲ್ಲು. ಎರಡು ಸಾವಿರ ವರ್ಷ ಮಣ್ಣಿನಡಿ ಸುರಕ್ಷಿತವಾಗಿದ್ದ ಮುತ್ತಿನ ಸರದ ಅಂಚುಗಳು ನಮ್ಮ ಕಣ್ಣೆದುರಿಗೆ ಮಸುಕಾಗಬಾರದಿತ್ತು.

ಸನ್ನತಿಗೆ ಹೋಗಬೇಕೆನ್ನುವವರಿಗೆ ವಾಡಿ–ರಾಯಚೂರು ರೈಲುದಾರಿಯ ನಾಲವಾರ ಸ್ಟೇಶನ್ ಹತ್ತಿರ. ವಿಜಯಪುರದ ಮೇಲೆ ರಸ್ತೆಯಿಂದಲೂ ಹೋಗಬಹುದು. ಪ್ರತಿ ವರ್ಷ ನಾಗಪುರದ ದೀಕ್ಷಾಭೂಮಿಗೆ ಟ್ರ್ಯಾಕ್ಸ್ ಮಾಡಿಕೊಂಡು ಹೋಗುವ ನಮ್ಮ ಓಣಿಯ ತರುಣರು ಒಂದು ವರ್ಷ ಈ ಕಡೆಗೂ ಗಾಡಿ ತಿರುಗಿಸಲಿ. ಚಂದ್ರಲಾಂಬೆಗೆ ಉಡಿ ತುಂಬಲು ಹೋಗುವವರು ಮೂರು ಕಿಲೋಮೀಟರು ಮುಂದೆ ಹೋಗಿ ಬರಲಿ.

ಊರಿನಲ್ಲೇ ಇರುವವರಿಗೂ ಒಂದು ಕೆಲಸವಿದೆ. ಕೊಲ್ಹಾಪುರದಲ್ಲಿ, ವಡಗಾಂವದಲ್ಲಿ ಸಿಕ್ಕದ್ದು ದೂಧಗಂಗೆಯ ದಂಡೆಯಲ್ಲಿ ಸಿಗುವುದೇ ಇಲ್ಲ ಎಂದು ಯಾರೂ ಹೇಳಲಾರರು. ಕಬ್ಬಿನ ಹೊಲಕ್ಕೆ ಪೈಪ್‌ಲೈನ್ ತೋಡುವಾಗ, ಬಾವಿ ಆಳ ಮಾಡುವಾಗ, ಹಳೆಯ ಗುಡಿ ಕೆಡವಿ ಹೊಸದು ಕಟ್ಟುವಾಗ ಅಗಲವಾದ ಹಳೆಯ ಇಟ್ಟಿಗೆ, ಅಕ್ಷರವಿರುವ ಕಲ್ಲು, ಚಿತ್ರವಿರುವ ಹಲಗೆ, ಸೀಸದ ನಾಣ್ಯ ಏನಾದರೂ ಕಂಡರೆ ಜೆಸಿಬಿ ನಿಲ್ಲಿಸಿ. ಕಲ್ಲನ್ನು ಉಜ್ಜಬೇಡಿ, ಅದಕ್ಕೆ ಆಯಿಲ್ ಪೇಂಟ್ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ. ಇದ್ದಲ್ಲೇ ಇರಿಸಿ, ಫೋಟೋ ತೆಗೆದು ತಹಸೀಲ್ದಾರರಿಗೆ ತಿಳಿಸಿ. ನೆಲದಡಿ ಸಿಕ್ಕದ್ದನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾಯಿದೆ 1878ರಿಂದಲೂ ಇದೆ. ಗುಡಿಯ ಜೀರ್ಣೋದ್ಧಾರ ಕಮಿಟಿಯವರಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು: ದೇವರ ಪೀಠವನ್ನು ಎತ್ತಿದ ದಿನ, ಸಿಮೆಂಟ್ ಸುರಿಯುವ ಮೊದಲು, ಆ ಕಲ್ಲನ್ನು ಒಮ್ಮೆ ತಿರುವಿ ಹಾಕಿ ನೋಡಿ.